ಹೊಸ್ತಿಲಾಚೆಯ ಏಳು ನಿಮಿಷ

ನನ್ನ ಹೆಂಡತಿ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಾಗ ನಾನು ಆಕೆಯ ಕೋಣೆಯ ಹೊರಗೆ, ಗೋಡೆಗೆ ಹಚ್ಚಿ ಇಟ್ಟಿದ್ದ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಹೋಗಬಾರದೆಂದು ನನ್ನನ್ನು ಯಾರೂ ತಡೆದಿರಲಿಲ್ಲ. ಮಗಳು ಎರಡು ಸಲ ಬಾಗಿಲಿಗೆ ಬಂದಳು. “ಅಪ್ಪಾ, ಅವ್ವ ಕರಿಯಾಕತ್ಯಾಳ, ಒಳಗ ಬಾ” ಎಂದಳು. “ನೀ ಇರು ಆಕಿ ಹತ್ರ, ನಾ ಇಲ್ಲೇ ಅದೀನಿ” ಎಂದೆ. ಭಯವಿರಲಿಲ್ಲ ಎಂದು ಹೇಳಲಾರೆ. ಆದರೆ ಅಂದು ನನ್ನನ್ನು ಬೆಂಚಿಗೆ ಕಟ್ಟಿಹಾಕಿದ್ದು ಭಯಕ್ಕಿಂತ ಹೆಚ್ಚಾಗಿ ಒಂದು ವಿಚಾರ. ಸಾಯುತ್ತಿರುವವರ ಮುಖವನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಪ್ರೀತಿಸಿದವರಿಗಂತೂ ಇಲ್ಲವೇ ಇಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆ ನನಗೆ ಬಂದದ್ದು ಶಾಸ್ತ್ರದಿಂದಲ್ಲ, ಹಿರಿಯರಿಂದಲೂ ಅಲ್ಲ. ಹಗರಿಬೊಮ್ಮನಹಳ್ಳಿಯ ಚಿತ್ರಮಂದಿರದಲ್ಲಿ ನಾಲ್ಕು ಸಲ ನೋಡಿದ ಒಂದು ಕಪ್ಪುಬಿಳುಪು ಸಿನಿಮಾದಿಂದ.

ನಾನು ಹತ್ತನೆಯ ತರಗತಿಯ ಆಚೆ ಓದಿದವನಲ್ಲ. ಸರ್ಕಾರಿ ಬಸ್ಸಿಗೆ ಕಂಡಕ್ಟರನಾಗಿ ಸೇರಿ, ಕಾಲಿಗೆ ಪೆಟ್ಟಾದ ಮೇಲೆ ಹಗರಿಬೊಮ್ಮನಹಳ್ಳಿಯ ನಿಲ್ದಾಣದಲ್ಲಿ ಕಂಟ್ರೋಲರ್ ಆದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದು, ಕಂಡಕ್ಟರರ ಹಾಳೆಗೆ ಸಹಿ ಹಾಕಿ, ಸೀಟಿ ಊದಿ ಕಳಿಸುವ ಕೆಲಸ. ಒಂದು ಬಸ್ಸು ಹೋಗಿ ಇನ್ನೊಂದು ಬರುವ ನಡುವೆ ಓದುತ್ತಿದ್ದೆ. ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಕಾವ್ಯಮೀಮಾಂಸೆಯ ಪುಸ್ತಕಗಳು, ಅನುವಾದಗೊಂಡ ಸೌಂದರ್ಯಶಾಸ್ತ್ರದ ಪುಸ್ತಕಗಳು, ಅಟ್ಟೆ ಕಿತ್ತುಹೋದ ತರ್ಕದ ಪಠ್ಯಗಳು ನನ್ನ ಮೇಜಿನ ಮೇಲೆ ಡೀಸೆಲ್ ವಾಸನೆ ಹಿಡಿದುಕೊಂಡವು. ಗುರುವಿಲ್ಲದೆ ಓದಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಮತ್ತೊಬ್ಬರು ಹೇಳಿದ್ದನ್ನು ಒಪ್ಪಿದರೆ ತಾನು ಸೋತಂತೆ ಎನ್ನಿಸುವ ರೋಗ. ಕೋಗಳಿಯ ಹಳೆಯ ಬಸದಿಯ ಕಂಬಗಳನ್ನು ಎಣಿಸಿದರೆ ಪ್ರತಿ ಸಲವೂ ಬೇರೆ ಲೆಕ್ಕ ಬರುತ್ತದೆಂದು ಒಬ್ಬ ಕಂಡಕ್ಟರ್ ಹೇಳಿದನೆಂದು, ರಜೆ ಹಾಕಿ ಹೋಗಿ ಮೂರು ಸಲ ಎಣಿಸಿ ಬಂದವನು ನಾನು. ಮೂರು ಸಲವೂ ಒಂದೇ ಲೆಕ್ಕ ಬಂತು. ಅದನ್ನು ಎಲ್ಲರೆದುರು ಹೇಳಿದ ಮೇಲೆ ಆ ಕಂಡಕ್ಟರ್ ಒಂದು ತಿಂಗಳು ನನ್ನ ಹತ್ತಿರ ಚಹಾ ಕುಡಿಯಲಿಲ್ಲ.

ಇನ್ನು ಆ ಸಿನಿಮಾದ ಸಂಗತಿ. ಹೊಳೆಯಲ್ಲಿ ಹರಿಗೋಲು ನಡೆಸುವವನೊಬ್ಬನ ಕಥೆ ಅದು. ಆತನ ಹೆಂಡತಿ ಕಾಯಿಲೆಯಿಂದ ಮಲಗಿರುತ್ತಾಳೆ. ಹೊಳೆ ತುಂಬಿ ಬಂದಾಗ ಆತ ಆಚೆ ದಡದಿಂದ ಔಷಧ ತಂದು, ತೊಯ್ದ ಮೈಯಲ್ಲಿ ಮನೆಯ ಮುಂದೆ ಬಂದು ನಿಲ್ಲುತ್ತಾನೆ. ಬಾಗಿಲು ಗಿಡ್ಡದು. ತಲೆ ತಗ್ಗಿಸಿ ಒಳಗೆ ಕಾಲಿಡುತ್ತಾನೆ. ಮರುಕ್ಷಣವೇ ತೆರೆಯ ಮೇಲೆ ಬೆಳಗು. ಅಂಗಳದಲ್ಲಿ ಕುಳಿತು ಆತ ಒಂದು ಕಂಚಿನ ಗಂಗಾಳವನ್ನು ಬೂದಿ ಹಚ್ಚಿ ಬೆಳಗುತ್ತಿದ್ದಾನೆ. ಊಟದ ತಟ್ಟೆ ಒಂದೇ ಒಂದು. ಹೆಂಡತಿ ಸತ್ತಳೆಂದು ಯಾರೂ ಹೇಳುವುದಿಲ್ಲ. ಅಳುವಿಲ್ಲ, ಹೆಣವಿಲ್ಲ, ಮಾತಿಲ್ಲ.

ಅದನ್ನು ಮೊದಲ ಸಲ ಕಂಡಾಗ ಕುರ್ಚಿಯಲ್ಲಿ ನನ್ನ ಬೆನ್ನು ನೆಟ್ಟಗಾಯಿತು. ಅದುವರೆಗೆ ಕರುಣರಸದ ಬಗ್ಗೆ ನಾನು ಓದಿದ್ದೆಲ್ಲ ವಿಭಾವ, ಅನುಭಾವಗಳ ಪಟ್ಟಿಯಾಗಿತ್ತು. ಕಣ್ಣೀರು ಬರಿಸಲು ಏನೇನು ಸಾಮಾನು ಬೇಕು ಎಂದು ಹೇಳುವ ಅಡುಗೆಯ ಪಟ್ಟಿಯಂತೆ. ಇಲ್ಲಿ ಸಾಮಾನೇ ಇರಲಿಲ್ಲ, ಆದರೂ ಎದೆ ಭಾರವಾಯಿತು. ಕ್ಯಾಮೆರಾ ಹೊಸ್ತಿಲ ಹೊರಗೆ ನಿಂತುಬಿಟ್ಟಿತ್ತು. ಬೇರೆಯವರ ಮನೆಯಲ್ಲಿ ಸಾವು ನಡೆಯುವಾಗ ಮರ್ಯಾದಸ್ಥನೊಬ್ಬ ಅಂಗಳದಲ್ಲೇ ನಿಲ್ಲುವಂತೆ. ಅಂದು ನನಗನ್ನಿಸಿತು, ಕಲೆಯ ಹಿರಿಮೆ ತೋರಿಸುವುದರಲ್ಲಿಲ್ಲ, ನೋಡದೆ ಇರಲು ಒಪ್ಪುವುದರಲ್ಲಿದೆ. ನೋಟಕ್ಕೂ ಒಂದು ನೀತಿಯಿದೆ.

ಇದನ್ನೇ ಲೇಖನವಾಗಿ ಬರೆದು ಒಂದು ಸಣ್ಣ ಸಾಹಿತ್ಯ ಪತ್ರಿಕೆಗೆ ಕಳಿಸಿದೆ. ಅವರು ಅಚ್ಚು ಹಾಕಿದರು. ಬಸ್ ನಿಲ್ದಾಣದ ಕಂಟ್ರೋಲರನಿಗೆ ದೂರದ ಊರುಗಳಿಂದ ಕಾಗದಗಳು ಬಂದವು. ಕಾಲೇಜೊಂದರಲ್ಲಿ ಅದನ್ನು ಪಾಠಕ್ಕೂ ಇಟ್ಟರು ಎಂದು ಕೇಳಿದೆ. ಆ ಲೇಖನದಲ್ಲಿ ಒಂದು ಮಾತನ್ನು ನಾನು ತುಂಬ ಹೆಮ್ಮೆಯಿಂದ ಬರೆದಿದ್ದೆ: ಸಂತೆಯ ದಿನ ಮೂರರ ಆಟ ಮುಗಿಸಿ ಬಂದ ಕೋಗಳಿ ಕಡೆಯ ಹೆಂಗಸರು ಬಸ್ಸಿನಲ್ಲಿ ಒಂದೂ ಮಾತಿಲ್ಲದೆ ಕುಳಿತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಓದು ಬಾರದವರಲ್ಲೂ ಆ ಮೌನವನ್ನು ಹುಟ್ಟಿಸಿದ್ದು ನಿರ್ದೇಶಕನ ಸಂಯಮ ಎಂದು.

ಮುಂದಿನ ವರ್ಷವೇ ಇರಬೇಕು, ನಗರದ ವಿಮರ್ಶಕರೊಬ್ಬರು ಅದೇ ಸಿನಿಮಾದ ಬಗ್ಗೆ ಬರೆಯುತ್ತ, ಹರಿಗೋಲಿನವನು ಸಾಯುತ್ತಿರುವ ಹೆಂಡತಿಯ ಪಾದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುವ ದೃಶ್ಯವನ್ನು ಬಣ್ಣಿಸಿದ್ದರು. ಅಂಥ ದೃಶ್ಯ ಆ ಸಿನಿಮಾದಲ್ಲಿ ಇರಲಿಲ್ಲ. ನಾಲ್ಕು ಸಲ ನೋಡಿದವನಿಗೆ ಗೊತ್ತಿರದೇ? ಸಿನಿಮಾ ನೋಡದೆಯೇ, ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದಾರೆ ಎಂದು ತೀರ್ಮಾನಿಸಿ ಪತ್ರಿಕೆಗೆ ಎರಡು ಪುಟದ ಪತ್ರ ಬರೆದೆ. ಇಲ್ಲದ ದೃಶ್ಯವನ್ನು ಕಾಣುವ ದಿವ್ಯದೃಷ್ಟಿ ನಗರದವರಿಗಿದೆ, ನಮ್ಮಂಥ ಸಂತೆಯೂರಿನವರಿಗೆ ಕೇವಲ ಕಣ್ಣುಗಳಿವೆ ಎಂದು ಅದರಲ್ಲಿತ್ತು. ಪತ್ರಿಕೆಯವರು ಅದನ್ನು ಬಾಕ್ಸ್ ಕಟ್ಟಿ ಹಾಕಿದರು. ಆ ವಿಮರ್ಶಕರು ಉತ್ತರ ಕೊಡಲಿಲ್ಲ. ಉತ್ತರವಿಲ್ಲದ್ದನ್ನು ನಾನು ಒಪ್ಪಿಗೆ ಎಂದೇ ತಿಳಿದೆ. ಈಗ ಅವರಿಲ್ಲ.

ಆ ಸಿನಿಮಾವನ್ನು ಮತ್ತೆ ನೋಡಲು ಅವಕಾಶ ಸಿಕ್ಕಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಸಿಕ್ಕಿತ್ತು. ಟಿ.ವಿ.ಯಲ್ಲಿ ಎರಡು ಮೂರು ಸಲ ಬಂದಿತ್ತಂತೆ, ಆಮೇಲೆ ಫೋನಿನಲ್ಲೂ ಬಂತು. ನಾನು ನೋಡಲಿಲ್ಲ. ಕತ್ತಲಲ್ಲಿ, ಅಪರಿಚಿತರ ಪಕ್ಕದಲ್ಲಿ, ನಡುವೆ ನಿಲ್ಲಿಸಲಾಗದಂತೆ ನೋಡಿದ್ದು ಮಾತ್ರ ಸಿನಿಮಾ ಎಂಬುದು ನನ್ನ ಇನ್ನೊಂದು ಹಟವಾಗಿತ್ತು. ಎಲ್ಲರ ಮಾತನ್ನೂ ಶಂಕಿಸಿದವನು ನನ್ನ ನೆನಪನ್ನು ಒಂದೇ ಒಂದು ದಿನ ಶಂಕಿಸಲಿಲ್ಲ.

ಹೀಗೆ ಒಂದೇ ವಿಚಾರವನ್ನು ನಲವತ್ತು ವರ್ಷ ಸಾಕಿದೆ. ಅದು ಸಿನಿಮಾವನ್ನು ಬಿಟ್ಟು ಮನೆಯೊಳಕ್ಕೂ ಬಂತು. ಅಪ್ಪ ತೀರಿಕೊಂಡಾಗ ಮುಖದ ಬಟ್ಟೆ ತೆಗೆಯಬೇಡಿರೆಂದು ಜಗಳ ಮಾಡಿದೆ. ಕೊನೆಗೆ ಅದೇ ವಿಚಾರ ನನ್ನನ್ನು ದಾವಣಗೆರೆಯ ಆ ಬೆಂಚಿನ ಮೇಲೆ ಕೂಡಿಸಿತು. ಹೆಂಡತಿ ಹೋದ ಮೇಲಿನ ಆರು ವರ್ಷ, ಒಳಗೆ ಹೋಗದೆ ಇದ್ದದ್ದು ತಪ್ಪೇ ಎಂದು ಮನಸ್ಸು ಕೇಳಿದಾಗಲೆಲ್ಲ ಆ ಲೇಖನವನ್ನು ತೆಗೆದು ಓದುತ್ತಿದ್ದೆ. ಓದಿದರೆ ಸಮಾಧಾನವಾಗುತ್ತಿತ್ತು.

ಹಡಗಲಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ನಿವೃತ್ತ ಕನ್ನಡ ಅಧ್ಯಾಪಕ, ಸಣ್ಣದೊಂದು ಪ್ರಕಾಶನ ನಡೆಸುತ್ತಾನೆ. ಕಳೆದ ವರ್ಷ ನನ್ನ ಸಿನಿಮಾ ಲೇಖನಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತೇನೆಂದು ಹೊರಟ. ಮೊದಲ ಲೇಖನ ಅದೇ, ಪುಸ್ತಕದ ಹೆಸರೂ ಅದರಿಂದಲೇ. ಕರಡು ಅಚ್ಚು ಬಂದ ಮೇಲೆ ಫೋನ್ ಮಾಡಿ, “ಲೇ, ಆ ಟಾಕೀಸಿನ ಬಗ್ಗೆ ಒಂದೆರಡು ಪುಟ ಬರದುಕೊಡು. ಹೆಂಗಿತ್ತು, ಎಷ್ಟು ಮಂದಿ ಹಿಡಿತಿತ್ತು, ಆ ಸಿನಿಮಾ ಎಷ್ಟು ವಾರ ಓಡಿತು. ಓದೋರಿಗೆ ರುಚಿ ಹತ್ತತೈತಿ” ಎಂದ. ಚಿತ್ರಮಂದಿರ ಎಂದೋ ಗೋದಾಮಾಗಿತ್ತು. ನೆನಪಿನಿಂದ ಬರೆಯಬಹುದಿತ್ತು. ಆದರೆ ಕೇಳಿ ಖಚಿತ ಮಾಡಿಕೊಳ್ಳದೆ ಬರೆಯುವುದು ನನ್ನ ಜಾಯಮಾನವಲ್ಲ. ಅಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ಆಪರೇಟರ್ ಕೊಟ್ಟೂರಿನಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾರೆಂದು ತಿಳಿಯಿತು. ಈಗ ನಾನಿರುವುದು ಕೂಡ್ಲಿಗಿಯಲ್ಲಿ, ತಮ್ಮನ ಸಂಸಾರದ ಜೊತೆ. ಬೆಳಗಿನ ಬಸ್ಸು ಹಿಡಿದು ಕೊಟ್ಟೂರಿಗೆ ಹೋದೆ.

ಆಪರೇಟರ್ ಸಾಬರು ನೆಲದ ಮೇಲೆ ಕುಳಿತು ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕವನ್ನು ಹಣೆಗೇರಿಸಿ ಒಂದು ಗಳಿಗೆ ನನ್ನನ್ನೇ ನೋಡಿದರು.

“ಅರೆ, ಕಂಟ್ರೋಲರ್ ಸಾಹೇಬ್ರು! ಇನ್ನಾ ಅದೀರೇನ್ರಿ?”

“ಅದೀನಿ ಸಾಬ್ರ. ನಿಮ್ಮನ್ನ ಬಿಟ್ಟು ಹೆಂಗ ಹೋಗ್ಲಿ?”

“ಹೋಗೂದಾದ್ರೂ ನೀವು ಟೈಮಿಗೆ ಸರಿಯಾಗಿ ಹೋಗೋರು ಬಿಡ್ರಿ. ಒಂದ್ ನಿಮಿಷ ಹಿಂದ ಮುಂದ ಆಗಂಗಿಲ್ಲ. ಬರ್ರಿ, ಕುಂದರ್ರಿ.”

ಚಹಾ ತರಿಸಿದರು. ಚಿತ್ರಮಂದಿರದ ಬಗ್ಗೆ ಕೇಳಿದ್ದಕ್ಕೆಲ್ಲ ಹೇಳಿದರು. ಎರಡು ಪ್ರೊಜೆಕ್ಟರು, ಬೆಳಕಿಗಾಗಿ ಉರಿಸುವ ಕಾರ್ಬನ್ ಕಡ್ಡಿಗಳು, ಬೇಸಿಗೆಯಲ್ಲಿ ಅಂಗಿ ಬಿಚ್ಚಿ ನಿಲ್ಲುತ್ತಿದ್ದುದು, ರೀಲು ಬದಲಾಯಿಸುವ ಹೊತ್ತಿಗೆ ತೆರೆಯ ಮೂಲೆಯಲ್ಲಿ ಮೂಡುವ ಚುಕ್ಕೆ. ನಾನು ಬರೆದುಕೊಂಡೆ. ಆಮೇಲೆ, ಒಳ್ಳೆಯ ಮಾತು ಕೇಳುವ ಆಸೆಯಿಂದಲೇ ಇರಬೇಕು, ಚೀಲದಿಂದ ಕರಡು ತೆಗೆದು ಆ ದೃಶ್ಯದ ಭಾಗವನ್ನು ಓದಿದೆ. ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡರು.

“ಭಾಳ ಚೆಂದ ಬರದೀರಿ ಸಾಹೇಬ್ರ. ಓದಿದೋರ ಮಾತಾ ಬ್ಯಾರೆ. ಆದ್ರ ಆ ಬಾಗಲದಾಗ ಹೋದ ಮ್ಯಾಲೆ ಸೀನ್ ಇತ್ರಿ. ಏಳ್ ನಿಮಿಷದ್ದು. ಅದನ್ನ ಕತ್ತರಿಸಿದಾಂವ ನಾನು.”

“ಏನಂದ್ರಿ?”

“ಆಕಿ ಮಲಗಿರ್ತಾಳ, ಇಂವ ಹೋಗಿ ಬಾಜೂಕ ಕುಂದರ್ತಾನ. ಏನೂ ನಡಿಯಂಗಿಲ್ಲ ಅಲ್ಲಿ. ಮಂದಿ ಎದ್ದು ಬೀಡಿ ಸೇದಾಕ ಹೋಗ್ತಿದ್ರು. ಅದಕ್ಕ ಬ್ಲೇಡ್ ಹಾಕಿ ತಗದು, ಎರಡೂ ತುದಿ ಅಂಟಿಸಿ, ಆ ತುಂಡನ್ನ ಡಬ್ಯಾಗ ಇಟ್ಟೆ. ಪ್ರಿಂಟು ಮುಂದಿನ ಊರಿಗೆ ಹೋಗೂ ಮುಂಚೆ ಮತ್ತ ಹಚ್ಚಿ ಕಳಿಸಿದ್ನಿ. ನಾನು ಹಂಗ ಕದಿಯಾಂವ ಅಲ್ರಿ.”

“ತಗದಿದ್ದು ಯಾಕ ಸಾಬ್ರ?”

ಅವರು ನಕ್ಕರು. “ಯಾಕಂದ್ರ? ನಿಮ್ಮ ಬಸ್ಸಿನ ಸಲುವಾಗಿ!”

ಲೆಕ್ಕ ನನಗೆ ಅವರೇ ಬಿಡಿಸಿ ಹೇಳಬೇಕಾಯಿತು. ಮೂರರ ಆಟ ಬಿಡುತ್ತಿದ್ದದ್ದು ಐದು ನಲವತ್ತಕ್ಕೆ. ಕೋಗಳಿ ಕಡೆಯ ಕೊನೆಯ ಬಸ್ಸು ಐದು ನಲವತ್ತೈದಕ್ಕೆ. ಚಿತ್ರಮಂದಿರದಿಂದ ನಿಲ್ದಾಣಕ್ಕೆ ಓಡಿದರೂ ಎಂಟು ನಿಮಿಷ ಬೇಕು. ಮೊದಲ ಸಂತೆಯ ದಿನ ಅರ್ಧ ಹೆಂಗಸರು ಕೊನೆಯನ್ನು ನೋಡದೆ ಎದ್ದು ಓಡಿದರು, ಕೂತು ನೋಡಿದವರಿಗೆ ಬಸ್ಸು ತಪ್ಪಿತು.

“ನಮ್ ಮಾಲಕ್ರು ನಿಮ್ಮ ಹತ್ರ ಬಂದಿದ್ರು, ನೆನಪೈತೇನ್ರಿ? ಸಂತಿ ದಿನ ಒಂದ್ ಹತ್ ನಿಮಿಷ ಆ ಬಸ್ಸು ನಿಲ್ಲಸ್ರಿ ಅಂತ ಕೈ ಮುಗದ್ರು. ನೀವೇನಂದ್ರಿ?”

ನಾನು ಏನೆಂದಿದ್ದೆನೆಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಸಿನಿಮಾ ಸಲುವಾಗಿ ಸರ್ಕಾರದ ಬಸ್ಸು ನಿಲ್ಲುವುದಿಲ್ಲ, ಬೇಕಾದರೆ ನಿಮ್ಮ ಸಿನಿಮಾ ನಿಲ್ಲಿಸಿರಿ ಎಂದಿದ್ದೆ. ಆ ದಿನವಿಡೀ ಆ ಮಾತನ್ನು ಮನಸ್ಸಿನಲ್ಲಿ ಮೆಲುಕು ಹಾಕಿದ್ದೆ.

“ಮಾಲಕ್ರು ಬಂದು ನನಗಂದ್ರು, ಆ ಕಂಟ್ರೋಲರ್ ಕಲ್ಲು ಅದಾನ, ಕರಗಂಗಿಲ್ಲ, ನೀನಾ ಏನರ ಮಾಡು ಅಂತ. ಸಂತಿ ದಿನ ತಗದು ಉಳದ ದಿನ ಹಚ್ಚಾಕ ಬರಂಗಿಲ್ರಿ, ಫಿಲ್ಮ್ ಹರಿತೈತಿ. ಅದಕ್ಕ ನಮ್ಮೂರಾಗ ಇರೂತನ ಹಂಗಾ ಓಡಿಸಿದೆ.”

ನಾನು ನಾಲ್ಕು ಸಲ ನೋಡಿದ್ದೂ ಅದಾದ ಮೇಲೆಯೇ. ನನ್ನ ಕೈಯಲ್ಲಿ ಕರಡು ಹಾಗೇ ಇತ್ತು. “ಹೆಣ್ಮಕ್ಕಳು ಬಸ್ಸಿನ್ಯಾಗ ಸುಮ್ಮಕ ಕುಂದರ್ತಿದ್ರು” ಎಂದೆ. ಯಾಕೆಂದೆನೋ ತಿಳಿಯದು. ಕೊನೆಯದಾಗಿ ಕೈಗೆ ಸಿಕ್ಕ ಸಾಕ್ಷಿ ಅದೊಂದೇ ಆಗಿತ್ತು.

“ಕುಂದರದ ಏನ್ ಮಾಡ್ತಾರ್ರಿ? ಸಂತಿ ಚೀಲ ಹೊತ್ಕಂಡು ಓಡಿ ಬಂದಿರ್ತಾರ, ತೇಕು ಹತ್ತಿರತೈತಿ. ಮಾತೆಲ್ಲಿಂದ ಬರ್ತಾವ!”

ಅಂಗಡಿಯಲ್ಲಿದ್ದ ಗಿರಾಕಿಯೊಬ್ಬ ನಕ್ಕ. ಸಾಬರಿಗೆ ನನ್ನ ಮುಖದಲ್ಲಿ ಏನು ಕಂಡಿತೋ, ನಗು ನಿಲ್ಲಿಸಿ ಚಹಾ ಆರುತ್ತಿದೆ ಎಂದರು. ಎಷ್ಟೋ ಸಿನಿಮಾಗಳನ್ನು ಕತ್ತರಿಸಿದವರಿಗೆ ಇದೇ ಸಿನಿಮಾ ಎಂದು ಹೇಗೆ ಖಾತ್ರಿ ಎಂದು ನಾನು ವಾದ ಹೂಡಿದೆ. ಬೇರೆ ಊರಿನ, ಬೇರೆ ಕಥೆಯ ನೆನಪು ಇದಕ್ಕೆ ಸೇರಿಕೊಂಡಿರಬಹುದು ಎಂದೆ. ಅವರು ವಾದಕ್ಕೆ ಬರಲಿಲ್ಲ. ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿ, ಫೋನ್ ತೆಗೆದು, ಸಿನಿಮಾವನ್ನು ಹುಡುಕಿ, ಬೆರಳಿನಿಂದ ಮುಂದೆ ಸರಿಸಿ, ಆ ಬಾಗಿಲಿಗೆ ತಂದು ನಿಲ್ಲಿಸಿ ನನ್ನ ಕೈಗೆ ಕೊಟ್ಟರು.

ಹರಿಗೋಲಿನವನು ತಲೆ ತಗ್ಗಿಸಿದ. ಒಳಗೆ ಹೋದ. ಕ್ಯಾಮೆರಾ ಅವನ ಬೆನ್ನ ಹಿಂದೆಯೇ ಒಳಗೆ ಹೋಯಿತು.

ದೃಶ್ಯ ಅಷ್ಟೇನೂ ಚೆನ್ನಾಗಿರಲಿಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಹಿನ್ನೆಲೆಯಲ್ಲಿ ಪಿಟೀಲು ಅತಿಯಾಗಿ ಅಳುತ್ತದೆ. ಬೇಡದ ಕಡೆ ಗುಡುಗುತ್ತದೆ. ಆಕೆಯ ಮುಖದ ಮೇಲೆ ಎಲ್ಲಿಂದಲೋ ಬೆಳಕು ಬೀಳುತ್ತದೆ. ಬೇರೆ ಯಾವುದೇ ಸಿನಿಮಾದಲ್ಲಿದ್ದರೆ ನಾನು ಎರಡು ಸಾಲಿನಲ್ಲಿ ತಳ್ಳಿಹಾಕುತ್ತಿದ್ದ ದೃಶ್ಯ. ಆದರೆ ಅದರ ನಡುವೆ ಆತ ಆಕೆಯ ಪಾದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯಿಂದ ತಿಕ್ಕುತ್ತಾನೆ. ಗಂಗಾಳದಲ್ಲಿ ಗಂಜಿ ಕಲಸಿ ಆಕೆಗೆ ಉಣಿಸುತ್ತಾನೆ. ಎರಡು ತುತ್ತಿಗೆ ಆಕೆ ಸಾಕೆನ್ನುತ್ತಾಳೆ. ಉಳಿದದ್ದನ್ನು ಆಕೆ ನೋಡುತ್ತಿರುವಂತೆಯೇ ಅದೇ ಗಂಗಾಳದಲ್ಲಿ ಆತ ಉಣ್ಣುತ್ತಾನೆ. ಆಕೆ ಏನೋ ತಮಾಷೆ ಮಾಡುತ್ತಾಳೆ. ಆತ ನಗುತ್ತಾನೆ. ಆಮೇಲೆ ಬೆಳಗಾಗುತ್ತದೆ.

ಒಂದೇ ತಟ್ಟೆ ಎಂದರೆ ಒಬ್ಬಂಟಿತನ ಎಂದು ನಾನು ಬರೆದಿದ್ದೆ. ಮೂರು ಪುಟ ಬರೆದಿದ್ದೆ. ಅದು ಇಬ್ಬರೂ ಉಂಡ ತಟ್ಟೆಯಾಗಿತ್ತು.

ಸತ್ತುಹೋದ ಆ ವಿಮರ್ಶಕರು ಸಿನಿಮಾ ನೋಡಿಯೇ ಬರೆದಿದ್ದರು. ನಾನು ಮಾತ್ರ ನೋಡಿರಲಿಲ್ಲ.

ಕೂಡ್ಲಿಗಿಗೆ ಮರಳುವ ಬಸ್ಸಿನಲ್ಲಿ, ಮುಂದಿನ ಹಲವು ದಿನಗಳಲ್ಲಿ, ತರ್ಕದ ಬಲದಿಂದ ಮೇಲೇಳಲು ನಾನು ಪ್ರಯತ್ನಿಸದೆ ಇರಲಿಲ್ಲ. ಕಲೆಗಾರನ ಉದ್ದೇಶ ವಿಮರ್ಶೆಗೆ ಬೇಡ, ತೆರೆಯ ಮೇಲೆ ಇದ್ದದ್ದೇ ಪ್ರಮಾಣ ಎಂದು ನಾನೇ ಎಷ್ಟೋ ಕಡೆ ಬರೆದಿದ್ದೇನೆ. ಹಾಗಿದ್ದರೆ ನಾನು ಕಂಡ ಚೆಲುವು ಬ್ಲೇಡಿನಿಂದ ಬಂದರೇನು, ನಿರ್ದೇಶಕನಿಂದ ಬಂದರೇನು? ಗಾಳಿಗೆ ಸವೆದ ಬಂಡೆಯೂ ಚೆಲುವಾಗಿರುತ್ತದೆ. ಈ ವಾದದಲ್ಲಿ ದೋಷವಿಲ್ಲ. ಆದರೆ ನಾನು ಬಂಡೆಯ ಚೆಲುವನ್ನು ಹೊಗಳಿರಲಿಲ್ಲ. ಬಂಡೆಯ ವಿನಯವನ್ನು ಹೊಗಳಿದ್ದೆ. ಸಂಯಮ ಎಂಬ ಮಾತು ಬಂದ ಕೂಡಲೇ ನೋಡಬಹುದಾಗಿದ್ದೂ ನೋಡದೆ ಉಳಿದ ಒಬ್ಬ ಮನುಷ್ಯ ಬೇಕಾಗುತ್ತದೆ. ಆ ಬಾಗಿಲ ಹೊರಗೆ ಅಂಥ ಮನುಷ್ಯನಿರಲಿಲ್ಲ. ಬಸ್ಸಿನ ವೇಳೆ ಇತ್ತು. ಅದನ್ನು ಹಿಡಿದುಕೊಂಡು ಸೀಟಿ ಊದುತ್ತಿದ್ದವನು ನಾನು. ಯಾವನೋ ಮಹಾನುಭಾವನ ನೀತಿಯೆಂದು ತಿಳಿದು ಜೀವನಪೂರ್ತಿ ನಾನು ಪಾಲಿಸಿದ್ದು ನನ್ನದೇ ಮೊಂಡುತನ, ತೆರೆಗೆ ಬಡಿದು ನನ್ನ ಕಡೆಗೇ ತಿರುಗಿ ಬಂದದ್ದು.

ಹಡಗಲಿಗೆ ಹೋಗಿ ಗೆಳೆಯನಿಗೆ ಎಲ್ಲವನ್ನೂ ಹೇಳಿದೆ. ಅವನು ಕರಡಿನ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತಿದ್ದ.

“ಯಾರಿಗೆ ಗೊತ್ತಾಗತೈತಿಲೇ? ಅದನ್ನ ನೋಡಿದೋರು ಇನ್ನ ಎಷ್ಟು ಮಂದಿ ಉಳದಾರ?”

“ಫೋನಿನ್ಯಾಗ ಐತಿ.”

“ಫೋನಿನ್ಯಾಗ ಏಳು ನಿಮಿಷ ಒಂದಾ ಸೀನ್ ಯಾರು ಕುಂತು ನೋಡ್ತಾರ? ನನ್ನ ಹೆಂಡ್ರು ಮಾತಾಡಿದ್ದನ್ನ ಏಳು ನಿಮಿಷ ಕೇಳಾಕ ಆಗಂಗಿಲ್ಲ ನನಗ.” ನಾನು ನಗದಿದ್ದುದನ್ನು ಕಂಡು ದನಿ ತಗ್ಗಿಸಿದ. “ನೋಡು, ನೀ ಕಂಡಿದ್ದೂ ಒಂದು ಸಿನಿಮಾನ. ಒಂದೂರಾಗ ಮೂರು ವಾರ ಓಡಿದ ಸಿನಿಮಾ. ಅದನ್ನ ಮಾಡಿದಾಂವ ಸಾಬ್ರು ಅಂತ ಕೆಳಗ ಒಂದು ಟಿಪ್ಪಣಿ ಹಾಕು. ಇನ್ನಷ್ಟು ಮೆರಗು ಬರತೈತಿ ಲೇಖನಕ್ಕ.”

“ನಾನು ಹೊರಗ ಕುಂತಿದ್ನಲ್ಲ, ಅದಕ್ಕ ಯಾವ ಟಿಪ್ಪಣಿ ಹಾಕ್ಲಿ?”

ಅವನಿಗೆ ತಿಳಿಯಿತು. ದಾವಣಗೆರೆಗೆ ಅಂದು ಅವನೂ ಬಂದಿದ್ದ, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಬಹಳ ಹೊತ್ತು ಕುಳಿತಿದ್ದ. ಕರಡಿನ ಕಟ್ಟಿಗೆ ದಾರ ಸುತ್ತಿ ಕಪಾಟಿನಲ್ಲಿಟ್ಟ. “ಒಂದು ತಿಂಗಳು ತಡಿತೀನಿ. ಯೋಚನಿ ಮಾಡಿ ಹೇಳು” ಎಂದ.

ಯೋಚಿಸುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಅದನ್ನು ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ, ಯಾಕೆಂದರೆ ಕೇಳುವುದೂ ಒಳಗೆ ಇಣುಕಿದಂತೆಯೇ ಎಂದು ನನ್ನ ಸಿದ್ಧಾಂತ ಹೇಳುತ್ತಿತ್ತು. ಹೆಂಡತಿ ಅಂದು ನನ್ನನ್ನು ಕರೆದದ್ದು ಯಾಕೆ? ಅದು ಗೊತ್ತಿರುವವಳು ಮಗಳೊಬ್ಬಳೇ.

ಮಗಳು ಹರಪನಹಳ್ಳಿಯಲ್ಲಿದ್ದಾಳೆ, ಅಂಚೆ ಕಚೇರಿಯಲ್ಲಿ ಕೆಲಸ. ರಜೆಯ ದಿನ ನೋಡಿಕೊಂಡು ಹೋದೆ. ಊಟವಾಯಿತು. ಅಳಿಯ ಹೊರಗೆ ಹೋದ. ಆಕೆ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದೆ. ಆಕೆಯ ಕೈಯ ವೇಗ ತಾಯಿಯದೇ.

“ಅವತ್ತು ನಿಮ್ಮವ್ವ ನನ್ನ ಯಾಕ ಕರದಿದ್ಲು?”

“ಯಾವತ್ತು?” ಎಂದಳು. ಯಾವತ್ತೆಂದು ಆಕೆಗೆ ಗೊತ್ತಿತ್ತು.

“ದಾವಣಗೆರ್ಯಾಗ.”

ಆಕೆ ಇನ್ನೆರಡು ಕಾಯಿ ಸುಲಿದು ಕಾಳನ್ನು ಬುಟ್ಟಿಗೆ ಹಾಕಿದಳು.

“ಈಗ್ಯಾಕೆ ಬೇಕಪ್ಪಾ ಅದು?”

“ತಿಳಕಬೇಕು.”

“ಬರಿಯಾಕೇನು?”

ಅಲ್ಲ ಎನ್ನಬೇಕಿತ್ತು. ಅಲ್ಲ ಎಂಬುದು ನಿಜವೋ ಸುಳ್ಳೋ ನನಗೇ ಖಚಿತವಿರಲಿಲ್ಲ. ಖಚಿತವಿಲ್ಲದ್ದನ್ನು ಹೇಳುವವನಲ್ಲ ನಾನು. ಅಂಥ ಹೊತ್ತಿನಲ್ಲೂ ಆ ನಿಯಮ ನನ್ನನ್ನು ಬಿಡಲಿಲ್ಲ.

ಆಗ ಸಿನಿಮಾದ ಕಥೆಯನ್ನೂ, ಸಾಬರು ಹೇಳಿದ್ದನ್ನೂ, ನಾನು ಬೆಂಚಿನ ಮೇಲೆ ಕುಳಿತದ್ದರ ಕಾರಣವನ್ನೂ ಆಕೆಗೆ ಹೇಳಿದೆ. ಮೊದಲ ಸಲ ಹೇಳಿದೆ. ಆಕೆ ಕೈ ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

“ಇಷ್ಟು ದಿನ ನೀನು ಅಂಜಿಕಂಡು ಹೊರಗ ಕುಂತಿದ್ದಿ ಅಂತ ತಿಳಕಂಡಿದ್ದೆ ನಾನು” ಎಂದಳು. “ಅಂಜಿಕಿ ಆಗಿದ್ರೆ ಮನುಷ್ಯಾರಿಗೆ ಸಹಜ ಅಂತ ಸುಮ್ಮಕಿದ್ದೆ. ಅವ್ವಗೂ ಹಂಗೇ ಹೇಳಿದ್ದೆ, ಅಪ್ಪ ಅಂಜ್ಯಾನ, ಹೊರಗೇ ಇರ್ಲಿ ಬಿಡು ಅಂತ. ಸಿನಿಮಾ ಸಲುವಾಗಿ ಅಂತ ಗೊತ್ತಿದ್ರೆ ಕೈ ಹಿಡಿದು ಎಳಕಂಡು ಹೋಗ್ತಿದ್ದೆ.”

“ಆಕಿ ಏನಂದ್ಲು?”

“ಹೇಳಂಗಿಲ್ಲಪ್ಪಾ. ನಿನ್ನ ಮೇಲಿನ ಹಟಕ್ಕಲ್ಲ. ಆಕಿ ಅಂದಿದ್ದು ಅಲ್ಲಿ ಇದ್ದೋರಿಗೆ. ನಿನ್ನನ್ನ ಎರಡು ಸಲ ಕರದೆ, ನೀನು ಬರಲಿಲ್ಲ. ಆಮೇಲೆ ಅವ್ವ ನಿನಗೆ ಅನ್ನಬೇಕಾಗಿದ್ದನ್ನ ನನಗೆ ಅಂದ್ಲು, ಅದು ನಂದಾತು. ಈಗ ಅದನ್ನ ನಿನಗೆ ಕೊಟ್ರೆ ನೀನು ಅದಕ್ಕೂ ಒಂದು ಅರ್ಥ ಕಟ್ತಿ.”

ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದಲೇ, ನಾಲ್ಕರ ಬಸ್ಸಿಗೆ ಹೋಗುತ್ತೀಯೋ, ಇವತ್ತು ಇರುತ್ತೀಯೋ ಎಂದು ಕೇಳಿದಳು. ಹೋಗುತ್ತೇನೆಂದೆ. ಒಂದು ಡಬ್ಬಿಯಲ್ಲಿ ಚಿಕ್ಕಪ್ಪನ ಮನೆಯವರಿಗೆಂದು ಹುಳಿ ಹಾಕಿಕೊಟ್ಟು, ಬೀದಿಯ ತಿರುವಿನವರೆಗೆ ಬಂದು ಕಳಿಸಿದಳು. ಮೊದಲಿಗಿಂತ ಹೆಚ್ಚೇ ಅಕ್ಕರೆಯಿಂದ ನಡೆದುಕೊಂಡಳು ಎನ್ನಬೇಕು, ಬುದ್ಧಿ ಮಂಕಾದವರೊಂದಿಗೆ ನಡೆದುಕೊಳ್ಳುವಂತೆ.

ಪುಸ್ತಕ ಬೇಡವೆಂದು ಹಡಗಲಿಗೆ ತಿಳಿಸಿದೆ. ಗೆಳೆಯ ಒಂದು ಲೇಖನವನ್ನಷ್ಟೇ ತೆಗೆದು ಉಳಿದವನ್ನು ತರೋಣ ಎಂದ. ಉಳಿದವೂ ಅದೇ ಕಣ್ಣಿನಿಂದ ಕಂಡವು ಎಂದೆ. ಪತ್ರಿಕೆಗೆ ತಿದ್ದುಪಡಿಯ ಪತ್ರ ಬರೆಯೋಣವೆಂದರೆ ಆ ಪತ್ರಿಕೆ ನಿಂತುಹೋಗಿದೆ. ಕ್ಷಮೆ ಕೇಳೋಣವೆಂದರೆ ಆ ವಿಮರ್ಶಕರ ಮನೆಯವರು ಎಲ್ಲಿದ್ದಾರೋ ತಿಳಿಯದು.

ಮಗ್ಗುಲು ಬದಲಿಸುವಾಗ, ಹಲ್ಲುಜ್ಜುವಾಗ, ಪೇಟೆಗೆ ಹೋಗುವ ದಾರಿಯಲ್ಲಿ, ಹೆಂಡತಿ ನನಗೆ ಏನು ಹೇಳಬೇಕೆಂದಿದ್ದಳು ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಮೂವತ್ತೊಂಬತ್ತು ವರ್ಷ ಜೊತೆಗಿದ್ದವನಿಗೆ ಊಹಿಸುವುದು ಕಷ್ಟವಲ್ಲ. ಆಕೆಯ ಮಾತಿನ ವರಸೆ ಗೊತ್ತು, ದನಿ ಕಿವಿಯಲ್ಲಿದೆ. ಒಂದು ವಾಕ್ಯ ತಾನಾಗಿಯೇ ಮೂಡತೊಡಗುತ್ತದೆ. ಅದು ಚೆನ್ನಾಗಿಯೂ ಇರುತ್ತದೆ. ಅಲ್ಲಿಗೇ ಅದನ್ನು ತಡೆಯುತ್ತೇನೆ. ಇಲ್ಲದ್ದನ್ನು ತುಂಬಿಕೊಂಡು ಅದನ್ನೇ ಕಂಡೆನೆಂದು ಬರೆಯುವುದರಲ್ಲಿ ನನಗೆ ನಲವತ್ತು ವರ್ಷದ ಪಳಗಿಕೆಯಿದೆ. ಆಕೆಯ ಮಾತನ್ನು ಆ ಕೈಗೆ ಕೊಡಲಾರೆ. ಅದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.